ಮೈಮೂನಮ್ಮನ ಕೈ ಕಲಿತದ್ದು

ಮದುವೆಯಾಗಿ ಪುಂಜಾಲಕಟ್ಟೆಯ ಮನೆಗೆ ಬಂದ ಮರುದಿನ ಬೆಳಿಗ್ಗೆ ಸಜ್ನಾ ಚಹಾದ ಲೋಟ ಹಿಡಿದು ಜಗಲಿಗೆ ಬಂದಾಗ ಅತ್ತೆ ಮೈಮೂನಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನೆಂಟರನ್ನು ಕೇಳುವ ಹಾಗೆ ಕೇಳಿದರು: “ನೀನು ಯಾರ ಮಗಳು? ಯಾರನ್ನು ನೋಡ್ಲಿಕ್ಕೆ ಬಂದದ್ದು?”

ಸಜ್ನಾಳಿಗೆ ಇದು ತಿಳಿಯದ ಸಂಗತಿಯೇನಲ್ಲ. ಸಂಬಂಧದ ಮಾತು ನಡೆಯುವಾಗಲೇ ಮಾವ ಇಬ್ರಾಹಿಂ ಮೂಡುಬಿದಿರೆಯ ಅವಳ ತವರಿಗೆ ಬಂದು ಏನನ್ನೂ ಮುಚ್ಚಿಡದೆ ಹೇಳಿದ್ದರು. ಹಿಂದಿನ ಮಳೆಗಾಲ ಹೆಂಡತಿಗೆ ಜ್ವರ ಬಂದದ್ದು, ಅದು ಮೆದುಳಿಗೆ ಏರಿದ್ದು, ಮಂಗಳೂರಿನ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದು, ಕೊನೆಗೆ ಜೀವ ಉಳಿದದ್ದು. ಮನೆಗೆ ಮರಳಿದ ಮೈಮೂನಮ್ಮ ನಡೆಯುತ್ತಿದ್ದರು, ನಗುತ್ತಿದ್ದರು, ಮೀನು ನೋಡಿ ತಾಜಾ ಹೌದೋ ಅಲ್ಲವೋ ಹೇಳುತ್ತಿದ್ದರು. ತನ್ನ ಮದುವೆಗೆ ಯಾರು ಯಾರು ಬಂದಿದ್ದರು, ಯಾರು ಮುನಿಸಿಕೊಂಡು ಉಣ್ಣದೆ ಹೋದರು ಎಂಬುದೆಲ್ಲ ಬಾಯಲ್ಲೇ ಇತ್ತು. ಆದರೆ ಜ್ವರದ ನಂತರ ನಡೆದದ್ದು ಯಾವುದೂ ಅವರಲ್ಲಿ ನಿಲ್ಲುತ್ತಿರಲಿಲ್ಲ. ನಮಾಝ್ ಮುಗಿಸಿ ಚಾಪೆ ಮಡಚಿಟ್ಟು ಬಂದರೆ, ಮಾಡಿದೆನೋ ಇಲ್ಲವೋ ಎಂದು ಗಂಡನನ್ನೇ ಕೇಳಬೇಕಾಗಿತ್ತು.

“ಹುಡುಗಿಗೆ ಆಗುವುದಿಲ್ಲ ಅಂತಾದರೆ ಈಗಲೇ ಹೇಳಿಬಿಡಿ,” ಎಂದಿದ್ದರು ಇಬ್ರಾಹಿಂ. “ಆಮೇಲೆ ಬೇಜಾರು ಬೇಡ.”

ಸಜ್ನಾ ಒಪ್ಪಿದ್ದಳು. ಹುಡುಗ ಫೈಝಲ್ ಬಿ.ಸಿ. ರೋಡಿನ ಒಂದು ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾತು ಕಡಿಮೆ, ಸ್ವಭಾವ ಮೆದು. ಅವಳ ಬಿ.ಎಡ್. ಅರ್ಧದಲ್ಲಿತ್ತು, ಅದನ್ನು ಮುಗಿಸಲು ಅವನ ಅಡ್ಡಿ ಇರಲಿಲ್ಲ. ಆದರೆ ಕೇಳಿ ಒಪ್ಪುವುದು ಬೇರೆ, ದಿನವೂ ಅದೇ ಮನೆಯಲ್ಲಿ ಅಪರಿಚಿತಳಾಗಿ ಏಳುವುದು ಬೇರೆ. ಒಂದು ವಾರ ಅವಳು ನಗುತ್ತಲೇ “ನಾನು ಸಜ್ನಾ, ಉಮ್ಮ. ಫೈಝಲನ ಹೆಂಡತಿ” ಎಂದಳು. ಆಗೆಲ್ಲ ಮೈಮೂನಮ್ಮನ ಮುಖ ಅರಳುತ್ತಿತ್ತು: “ಅವನಿಗೆ ಮದುವೆ ಆಯ್ತಾ? ನನಗೆ ಯಾರೂ ಹೇಳಲೇ ಇಲ್ಲ!” ಬೆನ್ನಿಗೇ ಆ ಮುಖ ಸಣ್ಣಗಾಗುತ್ತಿತ್ತು. ಮಗನ ಮದುವೆಯನ್ನೇ ತನ್ನಿಂದ ಮುಚ್ಚಿಟ್ಟರಲ್ಲ ಎಂಬ ನೋವು ದಿನಕ್ಕೊಂದು ಸಲ ಹೊಸದಾಗಿ ತಾಗುವುದನ್ನು ನೋಡಲಾಗದೆ ಎರಡನೆಯ ವಾರದಿಂದ ಸಜ್ನಾ “ಇಲ್ಲೇ ಇರ್ತೇನೆ ಉಮ್ಮ, ನಿಮ್ಮ ಕೆಲಸಕ್ಕೆ ಆಗ್ತದಲ್ಲ” ಎಂದಷ್ಟೇ ಹೇಳತೊಡಗಿದಳು. ಆ ಉತ್ತರ ಇಬ್ಬರಿಗೂ ಹಗುರವಾಗಿತ್ತು.

ಫೈಝಲನ ದಾರಿ ಬೇರೆ. ಕೇಳುತ್ತ ಹೋದರೆ ಒಂದಲ್ಲ ಒಂದು ದಿನ ನೆನಪು ಮರಳುತ್ತದೆ ಎಂದು ಅವನು ನಂಬಿದ್ದ. ಸಂಜೆ ಕೆಲಸದಿಂದ ಬಂದವನು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಾಯಿಯ ಎದುರು ಹಾಕಿ ಕೂರುತ್ತಿದ್ದ.

“ಉಮ್ಮ, ಇವಳ ಹೆಸರು ಹೇಳಿ ನೋಡುವ. ನಿನ್ನೆ ಹೇಳಿದ್ದೆನಲ್ಲ?”

“ನಿನ್ನೆಯಾ... ಸಮೀನಾ?”

“ಅಲ್ಲ. ಸರಿ ಯೋಚನೆ ಮಾಡಿ.”

ಮೈಮೂನಮ್ಮ ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಂಡು ಇನ್ನೊಂದು ಹೆಸರು ಹೇಳುತ್ತಿದ್ದರು. ಅದೂ ತಪ್ಪಾಗುತ್ತಿತ್ತು. ಅವನ ಪ್ರಶ್ನೆಯಲ್ಲಿ ಪ್ರೀತಿಯೇ ಇದ್ದದ್ದು, ಅದು ಸಜ್ನಾಳಿಗೂ ಗೊತ್ತು. ಹಾಗಾಗಿ ಅವಳು ಸುಮ್ಮನಿದ್ದಳು.

ಒಂದು ದಿನ ಕುಕ್ಕರ್‌ನ ಮುಚ್ಚಳದ ಬದಿಯಿಂದ ಹಬೆ ನುಗ್ಗಿ ಮೈಮೂನಮ್ಮನ ಮಣಿಕಟ್ಟು ಸುಟ್ಟಿತು. ದೊಡ್ಡ ಗಾಯವಲ್ಲ. ಮುಲಾಮು ಹಚ್ಚಿದ ಮೇಲೆ ಒಂದೆರಡು ದಿನ ಅವರು ಕೆಂಪು ಗುರುತು ನೋಡಿ “ಇದೆಂತ, ಎಲ್ಲಿ ಆಯ್ತು?” ಎಂದು ಕೇಳಿದರು. ಆಮೇಲೆ ಗುರುತೂ ಮಾಸಿತು. ಆದರೆ ಅಲ್ಲಿಂದ ಮುಂದೆ ಒಂದು ವಿಚಿತ್ರ ಸಜ್ನಾಳ ಕಣ್ಣಿಗೆ ಬಿತ್ತು. ಒಲೆಯ ಮೇಲೆ ಕುಕ್ಕರ್ ಇಟ್ಟರೆ ಸಾಕು, ಅತ್ತೆ ಅಡುಗೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಒಣಗಲು ಹಾಕಿದ ಬಟ್ಟೆ ತರಬೇಕು ಎನ್ನುತ್ತಿದ್ದರು, ಕೋಳಿ ಎಲ್ಲಿ ಹೋಯಿತೋ ಎನ್ನುತ್ತಿದ್ದರು.

“ಉಮ್ಮ, ಕುಕ್ಕರ್ ಅಂದ್ರೆ ಹೆದರಿಕೆಯಾ?”

“ಎಂತಕ್ಕೆ ಹೆದರಿಕೆ? ನಾನೇನು ಕುಕ್ಕರ್ ನೋಡದವಳಾ?” ಎಂದು ನಗುತ್ತಲೇ ಅವರು ಹೊರಗೆ ನಡೆದರು.

ಸುಟ್ಟದ್ದು ಅವರಿಗೆ ನೆನಪಿರಲಿಲ್ಲ. ಆದರೂ ಕಾಲು ಹಿಂದೆ ಸರಿಯುತ್ತಿತ್ತು.

ತರಗತಿ ಇದ್ದ ದಿನ ಸಜ್ನಾ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಮೂಡುಬಿದಿರೆಯ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಶೈಕ್ಷಣಿಕ ಮನೋವಿಜ್ಞಾನದ ಪಾಠದಲ್ಲಿ ಕಲಿಕೆಯ ವ್ಯಾಖ್ಯೆಯನ್ನು ಎಲ್ಲರ ಹಾಗೆ ಅವಳೂ ಬಾಯಿಪಾಠ ಮಾಡಿದ್ದಳು: ಅನುಭವದಿಂದ ಅಥವಾ ಅಭ್ಯಾಸದಿಂದ ನಡವಳಿಕೆಯಲ್ಲಿ ಆಗುವ, ಹೆಚ್ಚುಕಡಿಮೆ ಉಳಿದುಕೊಳ್ಳುವ ಬದಲಾವಣೆಯೇ ಕಲಿಕೆ. ದಣಿವಿನಿಂದ ಆದ ಬದಲಾವಣೆ ಕಲಿಕೆಯಲ್ಲ, ಮದ್ದಿನ ಅಮಲಿನಿಂದ ಆದದ್ದೂ ಅಲ್ಲ, ಮಗು ಬೆಳೆದು ಎತ್ತರವಾದದ್ದಂತೂ ಅಲ್ಲವೇ ಅಲ್ಲ. ಪರೀಕ್ಷೆಗೆ ಬರೆದು ಮರೆಯುವ ಮಾತು ಎಂದುಕೊಂಡಿದ್ದಳು. ಈಗ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡಳು. ಆ ವಾಕ್ಯದಲ್ಲಿ ‘ನೆನಪು’ ಎಂಬ ಶಬ್ದವೇ ಇರಲಿಲ್ಲ. ಕಲಿತದ್ದನ್ನು ಕಲಿತೆ ಎಂದು ಹೇಳಲು ಬರಬೇಕು ಎಂದೂ ಇರಲಿಲ್ಲ. ಹಾಗಾದರೆ ಕುಕ್ಕರ್‌ನ ವಿಷಯದಲ್ಲಿ ಅತ್ತೆ ಏನು ಮಾಡಿದ್ದಾರೋ ಅದು ಕಲಿಕೆಯೇ.

ಮುಂದಿನ ಸಲ ಮಂಗಳೂರಿಗೆ ತಪಾಸಣೆಗೆ ಹೋದಾಗ ಅವಳು ಮಾವನ ಜೊತೆ ತಾನೂ ಹೋಗಿ ಡಾಕ್ಟರರಿಗೆ ಇದನ್ನು ಹೇಳಿದಳು. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

“ಆಗ್ತದೆ ಅಮ್ಮ,” ಎಂದರು. “ಮೆದುಳಿನಲ್ಲಿ ದಿನದ ಸಂಗತಿಗಳನ್ನು ಎತ್ತಿಡುವ ಜಾಗ ಒಂದು. ಇವರಿಗೆ ಜ್ವರ ಹಾಳು ಮಾಡಿದ್ದು ಅದನ್ನು. ಹೆದರಿಕೆಯನ್ನು ಹಿಡಿದಿಡುವ ಜಾಗ ಬೇರೆ, ಕೈಗೆ ರೂಢಿ ಹಿಡಿಸುವ ಜಾಗ ಇನ್ನೂ ಬೇರೆ. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಅಲ್ಲಿನ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗ್ತದೆ. ಆ ಬದಲಾವಣೆ ಉಳೀತದೆ. ಎಲ್ಲರಲ್ಲೂ ಇಷ್ಟೇ ಚೆನ್ನಾಗಿ ಆಗ್ತದೆ ಅಂತ ಹೇಳ್ಲಿಕ್ಕೆ ಬರುವುದಿಲ್ಲ. ಇವರಲ್ಲಿ ಆ ಭಾಗಗಳು ಉಳಿದ ಹಾಗೆ ಕಾಣ್ತದೆ.”

“ಹಾಗಾದ್ರೆ ಹೊಸ ಕೆಲಸ ಕಲಿಸಬಹುದಾ?”

“ಪ್ರಯತ್ನ ಮಾಡಿ. ಆದರೆ ಪ್ರಶ್ನೆ ಕೇಳಿ ಊಹೆ ಮಾಡಿಸಬೇಡಿ. ನಮಗಾದರೆ ತಪ್ಪು ಮಾಡಿದ್ದು ನೆನಪಿರ್ತದೆ, ತಿದ್ದಿಕೊಳ್ತೇವೆ. ಇವರಿಗೆ ಆ ತಪ್ಪೇ ರೂಢಿಯಾಗಿಬಿಡ್ತದೆ. ಸರಿಯಾದದ್ದನ್ನೇ ಮಾಡಿಸ್ತಾ ಹೋಗಿ.”

ಪುಂಜಾಲಕಟ್ಟೆಯಲ್ಲಿ ತರಕಾರಿ ಅಂಗಡಿ ಇಟ್ಟುಕೊಂಡಿದ್ದ ಇಬ್ರಾಹಿಮರಿಗೆ ಆಸೆ ಇಟ್ಟುಕೊಂಡು ಇಟ್ಟುಕೊಂಡು ಸಾಕಾಗಿತ್ತು. “ಕಲಿಸಿ ಆಗಬೇಕಾದ್ದು ಎಂತ ಉಂಟು ಮಗಳೇ? ನೆಮ್ಮದಿಯಲ್ಲಿ ಇದ್ದರೆ ಸಾಕು,” ಎಂದಷ್ಟೇ ಹಿಂದಿರುಗುವಾಗ ಬಸ್ಸಿನಲ್ಲಿ ಹೇಳಿದರು.

ಆ ಸಂಜೆ ಫೈಝಲ್ ಕುರ್ಚಿ ಎಳೆದಾಗ ಸಜ್ನಾ ಬಾಗಿಲಲ್ಲಿ ನಿಂತು ನೋಡಿದಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದಿಗೇ ಮೈಮೂನಮ್ಮ ಎದ್ದು ಒಳಗೆ ಹೊರಟರು. ಎಷ್ಟು ದಿನಗಳಿಂದ ಹೀಗೆ ಆಗುತ್ತಿದೆಯೋ, ಯಾರೂ ಗಮನಿಸಿರಲಿಲ್ಲ.

“ಅವರು ಹೆಸರು ಕಲಿಯಲಿಲ್ಲ,” ಎಂದಳು ಸಜ್ನಾ ಗಂಡನಿಗೆ, ಅತ್ತೆಗೆ ಕೇಳಿಸದ ಹಾಗೆ. “ನೀವು ಕುರ್ಚಿ ಎಳೆದರೆ ಎದ್ದು ಹೋಗ್ಲಿಕ್ಕೆ ಕಲಿತಿದ್ದಾರೆ.”

ಫೈಝಲನ ಮುಖ ಬಾಡಿತು. ಮರುದಿನದಿಂದ ಅವನು ಕುರ್ಚಿ ಹಾಕದೆ, ತಾಯಿಯ ಪಕ್ಕ ಜಗಲಿಯ ಮೇಲೆಯೇ ಕುಳಿತು ಅಂಗಡಿಯ ಸುದ್ದಿ ಹೇಳತೊಡಗಿದ.

ಏನು ಕಲಿಸುವುದು ಎಂಬುದಕ್ಕೆ ದಾರಿ ಸಿಕ್ಕಿದ್ದು ಪಕ್ಕದ ಮನೆಯ ಅಮ್ಮಣಿಯಿಂದ. ಅಮ್ಮಣಿಗೂ ಮೈಮೂನಮ್ಮನಿಗೂ ಹರೆಯದಿಂದ ಗೆಳೆತನ. ಇಬ್ಬರೂ ಮಡಿಲಲ್ಲಿ ಎಲೆ, ತಂಬಾಕು ಹರಡಿದ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಎದುರು ಬದುರು ಕುಳಿತು ಬೀಡಿ ಕಟ್ಟಿದವರು, ಕಟ್ಟಿದ ಬೀಡಿಯನ್ನು ಒಟ್ಟಿಗೇ ಹೊತ್ತುಕೊಂಡು ಬೀಡಿ ಕಂಪೆನಿಯ ಬ್ರಾಂಚಿಗೆ ನಡೆದವರು. ಜ್ವರದ ನಂತರವೂ ಮೈಮೂನಮ್ಮನ ಕೈಗೆ ಎಲೆ ಕೊಟ್ಟರೆ ಬೀಡಿ ತಾನಾಗಿ ಸುತ್ತಿಕೊಳ್ಳುತ್ತಿತ್ತು. ಅದು ಹಳೆಯ ಕೈ, ಅದರಲ್ಲಿ ಆಶ್ಚರ್ಯವಿಲ್ಲ ಎಂದು ಮನೆಯವರು ಬಿಟ್ಟಿದ್ದರು. ಅಮ್ಮಣಿ ಈಚೆಗೆ ಬೀಡಿ ಬಿಟ್ಟು ಮಹಿಳಾ ಸಂಘದಲ್ಲಿ ಪ್ಲಾಸ್ಟಿಕ್ ವಯರಿನ ಬುಟ್ಟಿ ಹೆಣೆಯುತ್ತಿದ್ದರು. ಮೈಮೂನಮ್ಮ ಜನ್ಮದಲ್ಲಿ ಮುಟ್ಟದ ಕೆಲಸ ಅದು. ಅವರಿಗೆ ಬಂದರೆ, ಈಗ ಕಲಿತದ್ದೆಂದೇ ಅರ್ಥ.

“ಇವಳಿಗೆ ಬರ್ತದಾ ಮಾರಾಯ್ತಿ?” ಎಂದು ಅಮ್ಮಣಿ ತುಳುವಿನಲ್ಲಿ ಸಜ್ನಾಳನ್ನು ಕೇಳಿದರು. “ನಮ್ಮ ಸಂಘದಲ್ಲಿ ನೆಟ್ಟಗಿದ್ದವರಿಗೇ ಮೂಲೆ ತಿರುಗಿಸ್ಲಿಕ್ಕೆ ಬರುವುದಿಲ್ಲ.”

“ಬಾರದಿದ್ದರೆ ಬೇಡ. ಕೂತು ಮಾತಾಡಿದ ಹಾಗೆ ಆಗ್ತದಲ್ಲ.”

ಮಧ್ಯಾಹ್ನದ ಊಟದ ನಂತರ ಮೂವರೂ ಜಗಲಿಯಲ್ಲಿ ಕೂರುವುದು ರೂಢಿಯಾಯಿತು. ಸಜ್ನಾಳಿಗೆ ಕಾಲೇಜಿದ್ದ ದಿನ ಅಮ್ಮಣಿ ಒಬ್ಬರೇ ಬಂದು ಕಲಿಸುತ್ತಿದ್ದರು. ಗಂಟು ಹಾಕುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಅಮ್ಮಣಿ ತನ್ನ ಕೈಯನ್ನು ಗೆಳತಿಯ ಕೈಯ ಮೇಲಿಟ್ಟು ವಯರನ್ನು ಬಳಸಿ, ಒಳಗೆ ತೂರಿಸಿ, ಎಳೆಯುತ್ತಿದ್ದರು. ತಪ್ಪಾಗುವ ಮೊದಲೇ ಕೈ ಹಿಡಿದು ಸರಿದಾರಿಗೆ ತರುತ್ತಿದ್ದರು. ಪ್ರತಿದಿನವೂ ಮೈಮೂನಮ್ಮ ವಯರಿನ ಸುರುಳಿ ನೋಡಿ “ಇದೆಂತ ಇದು? ನನಗೆ ಬರುವುದಿಲ್ಲಪ್ಪ” ಎಂದೇ ಶುರುಮಾಡುತ್ತಿದ್ದರು. ಹೆಣಿಗೆ ಮುಗಿದ ಮೇಲೆ ಸಜ್ನಾ ಅವರ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಮೊದಮೊದಲು ಅವರು ಅದಕ್ಕೂ ನಾಚಿಕೊಂಡು ದೂರ ಸರಿದದ್ದುಂಟು.

ಮೊದಲ ತಿಂಗಳು ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಒಂದು ದಿನ ಗಂಟು ಬರುತ್ತಿತ್ತು, ಮರುದಿನ ಬೆರಳು ತಡವರಿಸುತ್ತಿತ್ತು. ಸಜ್ನಾಳಿಗೂ ತಾನು ಸುಮ್ಮನೆ ಅತ್ತೆಯನ್ನು ದಣಿಸುತ್ತಿದ್ದೇನೆಯೇ ಎಂಬ ಅನುಮಾನ ಬಂತು. ಒಂದೆರಡು ದಿನ ಬಿಟ್ಟೂ ನೋಡಿದಳು. ಮತ್ತೆ ಶುರುಮಾಡಿದಾಗ ಬೆರಳು ಬಿಟ್ಟಲ್ಲಿಂದಲೇ ಹಿಡಿದುಕೊಂಡಿತು, ಹಿಂದೆ ಹೋಗಲಿಲ್ಲ. ಆಮೇಲೆ ಅವಳು ಅನುಮಾನ ಪಡಲಿಲ್ಲ.

ಮಳೆ ನಿಂತ ಹೊತ್ತಿಗೆ ಬುಟ್ಟಿಯ ತಳ ಪೂರ್ತಿಯಾಗಿ ಅವರೊಬ್ಬರ ಕೈಯಿಂದಲೇ ಬರತೊಡಗಿತ್ತು. ಒಮ್ಮೆ ಅಮ್ಮಣಿ ಎಲೆಯಡಿಕೆ ಹಾಕಿಕೊಳ್ಳಲು ಕೈ ಬಿಟ್ಟ ಸಮಯ ಮೈಮೂನಮ್ಮ ಮೂಲೆಗೆ ಬಂದು, ನಿಲ್ಲದೆ, ವಯರನ್ನು ಮಡಚಿ ಮೇಲಕ್ಕೆ ತಿರುಗಿಸಿ ಬದಿಯ ಮೊದಲ ಗಂಟು ಬಿಗಿದರು. ಬಾಯಿ ಮಾತ್ರ ಹೇಳುತ್ತಲೇ ಇತ್ತು: “ನಾನು ಇದನ್ನು ಮುಟ್ಟಿದ್ದು ಇವತ್ತೇ ಮೊದಲು. ತಪ್ಪಾದರೆ ನಗಬೇಡಿ.”

ಅಮ್ಮಣಿಯ ಬಾಯಲ್ಲಿ ಎಲೆಯಡಿಕೆ ಹಾಗೇ ನಿಂತಿತು. “ಬಂತಲ್ಲ ಮಾರಾಯ್ತಿ!” ಎಂದು ಆಮೇಲೆ ಜೋರಾಗಿ ನಕ್ಕುಬಿಟ್ಟರು.

ಆ ಹೊತ್ತಿಗೆ ಸಜ್ನಾಳ ಬಿ.ಎಡ್.ನ ಕೊನೆಯ ಹಂತ ಬಂತು. ಮೂಡುಬಿದಿರೆಯ ಹತ್ತಿರದ ಶಾಲೆಯೊಂದರಲ್ಲಿ ಬೋಧನಾ ತರಬೇತಿ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಅಲ್ಲಿರಬೇಕು. ಬಸ್ಸಿನಲ್ಲಿ ಓಡಾಡಿ ಆಗದೆ ಅವಳು ಆ ಕೆಲವು ವಾರ ತವರಿನಲ್ಲೇ ಉಳಿಯಬೇಕಾಯಿತು. ಕಲ್ಲಡ್ಕದಲ್ಲಿದ್ದ ಫೈಝಲನ ಅಕ್ಕ ಜುವೈರಿಯಾ ತಾಯಿಯನ್ನು ಕರೆದುಕೊಂಡು ಹೋಗಲು ಬಂದಳು.

“ಇನ್ನು ಉಮ್ಮ ನನ್ನ ಹತ್ತಿರವೇ ಇರಲಿ,” ಎಂದಳು. “ನಿನಗೂ ಓದು, ಕೆಲಸ. ನನ್ನ ಗುರುತಾದರೂ ಅವರಿಗೆ ಉಂಟು. ನೀನು ಎಷ್ಟು ಮಾಡಿದರೂ ನಿನ್ನ ಮುಖ ಅವರಿಗೆ ಗೊತ್ತಾಗುವುದಿಲ್ಲ. ಬೇಜಾರು ಮಾಡ್ಬೇಡ, ಇದ್ದದ್ದು ಹೇಳಿದೆ.”

ಸಜ್ನಾಳಿಗೆ ಬೇಜಾರಾಯಿತು. ಆದರೆ ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅತ್ತೆಯ ಚೀಲಕ್ಕೆ ಬಟ್ಟೆ ತುಂಬಿಸಿ ಕೊಟ್ಟಳು.

ಕಲ್ಲಡ್ಕದಲ್ಲಿ ಮೊದಲ ದಿನಗಳು ಚೆನ್ನಾಗಿಯೇ ಹೋದವು. ಮಗಳ ಮನೆ, ಮೊಮ್ಮಕ್ಕಳು, ಎಲ್ಲ ಸರಿ. ಆಮೇಲೆ ತೊಂದರೆ ಶುರುವಾಯಿತು. ಜುವೈರಿಯಾಳ ಸ್ವಭಾವ ಚುರುಕು. “ಆಗಲೇ ಹೇಳಿದೆನಲ್ಲ ಉಮ್ಮ!” ಎನ್ನುವುದು ಅವಳ ಬಾಯಿಂದ ದಿನವಿಡೀ ಬೀಳುತ್ತಿತ್ತು. ಮೈಮೂನಮ್ಮ ಮಾತು ಕಡಿಮೆ ಮಾಡಿದರು. ಮಧ್ಯಾಹ್ನ ಊಟವಾದ ಮೇಲೆ ಎದ್ದು ಮನೆಯೊಳಗೆ ಏನನ್ನೋ ಹುಡುಕುತ್ತ ನಡೆಯುತ್ತಿದ್ದರು. ಏನು ಬೇಕು ಎಂದರೆ ಅವರಿಗೇ ಗೊತ್ತಿರಲಿಲ್ಲ. ಜಗಲಿಯಲ್ಲಿ ಹೋಗಿ ಕೂರುತ್ತಿದ್ದರು, ಖಾಲಿ ಬೆರಳುಗಳನ್ನು ಒಂದರ ಮೇಲೊಂದು ಬಳಸುತ್ತಿದ್ದರು, ಮತ್ತೆ ಏಳುತ್ತಿದ್ದರು. ತಲೆಗೆ ಎಣ್ಣೆ ಹಚ್ಚಲು ಜುವೈರಿಯಾ ಬಂದರೆ ತಲೆ ಕೊಡುತ್ತಿರಲಿಲ್ಲ. ಒಮ್ಮೆ ಬಾಗಿಲು ತೆರೆದಿದ್ದಾಗ ಹೆದ್ದಾರಿಯ ತನಕ ಹೋಗಿ ನಿಂತಿದ್ದರು. ಹಣ್ಣಿನ ಅಂಗಡಿಯ ಧನರಾಜ್ ಗುರುತು ಹಿಡಿದು ಕೈ ಹಿಡಿದುಕೊಂಡು ಮನೆಗೆ ತಂದು ಬಿಟ್ಟ.

ಜುವೈರಿಯಾ ಹೆದರಿದಳು. ಆ ದಿನ ಅವಳು ಫೋನು ಮಾಡಿದ್ದು ತಮ್ಮನಿಗಲ್ಲ, ಸಜ್ನಾಳಿಗೆ.

“ನೀನು ಮಧ್ಯಾಹ್ನ ಉಮ್ಮನಿಗೆ ಎಂತ ಮಾಡ್ತಿದ್ದಿ?”

ಸಜ್ನಾ ಹೇಳಿದಳು. “ನನಗೆ ಯಾರೂ ಹೇಳಲೇ ಇಲ್ಲ,” ಎಂದಳು ಜುವೈರಿಯಾ ಕೊನೆಗೆ. ಅದು ದೂರಿನ ದನಿಯಾಗಿರಲಿಲ್ಲ.

ತರಬೇತಿ ಮುಗಿದ ವಾರವೇ ಜುವೈರಿಯಾ ತಾಯಿಯನ್ನು ಪುಂಜಾಲಕಟ್ಟೆಗೆ ಕರೆತಂದಳು. ಸಜ್ನಾ ಅಂಗಳದಲ್ಲೇ ಇದ್ದಳು. ಅತ್ತೆಗೆ ತನ್ನ ಗುರುತು ಸಿಗಬಹುದೇನೋ ಎಂಬ ಆಸೆ, ಬೇಡವೆಂದರೂ, ಇತ್ತು. ಮೈಮೂನಮ್ಮ ಆಟೋದಿಂದ ಇಳಿದು ಅವಳ ಮುಖವನ್ನು ಮೇಲಿಂದ ಕೆಳಗೆ ನೋಡಿದರು.

“ನೀನು ಯಾರ ಮಗಳು?”

“ಮೂಡುಬಿದಿರೆಯವಳು ಉಮ್ಮ. ಇಲ್ಲೇ ಇರ್ತೇನೆ.”

“ಹಾಗಾ? ಒಳ್ಳೆಯದಾಯ್ತು.”

ಮೈಮೂನಮ್ಮ ಜಗಲಿ ಹತ್ತಿ, ತಮ್ಮ ಜಾಗದಲ್ಲಿ ಕುಳಿತು, ಪಕ್ಕಕ್ಕೆ ಸರಿದು ಸಜ್ನಾಳಿಗೆ ಜಾಗ ಮಾಡಿದರು. ಅವಳು ಕುಳಿತದ್ದೇ ತಡ, ಅವಳಿಗೆ ಬೆನ್ನು ತಿರುಗಿಸಿ ತಲೆಯ ಮೇಲಿನ ಸೆರಗು ಇಳಿಸಿ ತುರುಬು ಬಿಚ್ಚಿಕೊಂಡರು. ಎಣ್ಣೆ ಬೇಕು ಎಂದೂ ಹೇಳಲಿಲ್ಲ. ಹೆಸರು ಗೊತ್ತಿಲ್ಲದ ಹುಡುಗಿಯ ಕೈಗೆ ತಲೆ ಕೊಟ್ಟು, ಜುವೈರಿಯಾಳ ಮಕ್ಕಳ ಹಿಂದಿನ ತುಂಟತನದ ಬಗ್ಗೆ ಮಾತಾಡತೊಡಗಿದರು.

ಸಜ್ನಾ ಬೆರಳುಗಳನ್ನು ಅವರ ಕೂದಲಿನಲ್ಲಿಟ್ಟುಕೊಂಡು ಜುವೈರಿಯಾಳ ಕಡೆ ನೋಡಲಿಲ್ಲ. ನೋಡಿದರೆ ಇಬ್ಬರಿಗೂ ಅಳು ಬರುತ್ತಿತ್ತು. ಜುವೈರಿಯಾ ಒಳಗೆ ಹೋಗಿ ಎಣ್ಣೆಯ ಬಾಟಲಿ ತಂದು ಅವಳ ಪಕ್ಕ ಇಟ್ಟಳು. ಆ ದಿನ ಹೊರಡುವಾಗ ತಾಯಿಯನ್ನು ತನ್ನ ಮನೆಯಲ್ಲಿಟ್ಟುಕೊಳ್ಳುವ ಮಾತು ಎತ್ತಲಿಲ್ಲ. “ನಾನು ಬಂದಾಗ ನನಗೂ ಆ ಬುಟ್ಟಿ ಹೆಣೆಯುವುದು ತೋರಿಸು,” ಎಂದಳು. ಮುಂದೆ ಬಂದಾಗಲೆಲ್ಲ ಕೂತು ಹೆಣೆದಳು ಕೂಡ. ಅವಳಿಗೆ ಮೂಲೆ ತಿರುಗಿಸಲು ತಾಯಿಗಿಂತ ಹೆಚ್ಚು ಸಮಯ ಹಿಡಿಯಿತು.

ಸಜ್ನಾ ಪರೀಕ್ಷೆ ಬರೆದು ಪಾಸಾದಳು. ಜೂನಿನಲ್ಲಿ ಬೆಳ್ತಂಗಡಿಯ ಹತ್ತಿರದ ಸರಕಾರಿ ಪ್ರೌಢಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದಳು. ಹಗಲು ಅಮ್ಮಣಿ ಇರುತ್ತಾರೆ. ಸಂಜೆ ಸೊಸೆ ಮರಳಿದಾಗ ಮೈಮೂನಮ್ಮ ಎಂದಿನ ಪ್ರಶ್ನೆ ಕೇಳುತ್ತಾರೆ, ಎಂದಿನಂತೆ ಜಾಗ ಮಾಡಿಕೊಡುತ್ತಾರೆ. ಹೆಸರು ಇಂದಿಗೂ ಬಂದಿಲ್ಲ. ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಈ ಮಾತು ಸಜ್ನಾಳನ್ನು ಈಗ ಮೊದಲಿನಷ್ಟು ಕಾಡುವುದಿಲ್ಲ. ಪೂರ್ತಿ ಕಾಡುವುದೇ ಇಲ್ಲ ಎಂದರೆ ಸುಳ್ಳಾದೀತು.

ಈ ವರ್ಷ ಬೇಸಗೆಯಲ್ಲಿ ಮನೆಯ ಹೊರಗಿದ್ದ ಹಳೆಯ ಬಚ್ಚಲನ್ನು ಕೆಡವಿ, ಒಳಗೆ ಹಿಂದಿನ ಕೋಣೆಯ ಪಕ್ಕ ಹೊಸತು ಕಟ್ಟಿಸಿದರು. ಎಲ್ಲರಿಗೂ ಇದ್ದ ಚಿಂತೆ ಒಂದೇ: ಮೈಮೂನಮ್ಮ ಬೆಳಿಗ್ಗೆ ಎದ್ದರೆ ಹಿತ್ತಲಿನ ಬಾಗಿಲಿಗೇ ಹೋಗುತ್ತಾರೆ, ಅಲ್ಲಿ ಈಗ ಬರೀ ಕಲ್ಲು ರಾಶಿ. ಸಜ್ನಾ ಕಲಿಸುತ್ತೇನೆಂದು ಹೊರಟಾಗ ಇಬ್ರಾಹಿಂ ಬೇಡವೆಂದರು.

“ನಾನು ಮಾಡ್ತೇನೆ. ನೀನು ಶಾಲೆಗೆ ಹೊರಡು.”

ನಸುಕಿನಲ್ಲಿ ಸುಬಹಿ ನಮಾಝಿನ ಬಾಂಗಿಗೆ ಎದ್ದ ಮಾವ ಹೆಂಡತಿಯ ಮೊಣಕೈ ಹಿಡಿದು, ಹಿತ್ತಲಿನ ಬಾಗಿಲ ಕಡೆ ಕಾಲು ತಿರುಗುವ ಮೊದಲೇ ಎಡಕ್ಕೆ ಕರೆದುಕೊಂಡು ಹೋಗುವುದನ್ನು ಸಜ್ನಾ ಅಡುಗೆ ಮನೆಯಿಂದ ದಿನವೂ ನೋಡುತ್ತಿದ್ದಳು. ಕೇಳುವುದಿಲ್ಲ, ಬಯ್ಯುವುದಿಲ್ಲ, ಎಲ್ಲಿ ಎಂದು ನೆನಪಿಸುವುದೂ ಇಲ್ಲ. ಸುಮ್ಮನೆ ಜೊತೆಗೆ ನಡೆಯುವುದು. ಕೆಲವು ವಾರಗಳ ಮೇಲೆ ಅವರು ಮೊಣಕೈ ಬಿಟ್ಟು ಹಿಂದೆ ನಡೆದರು. ಆಮೇಲೆ ಕೋಣೆಯ ಬಾಗಿಲಲ್ಲೇ ನಿಂತರು. ರಂಝಾನಿಗೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಮೈಮೂನಮ್ಮ ಒಬ್ಬರೇ ಎದ್ದು, ಎಡಕ್ಕೆ ತಿರುಗಿ, ದೀಪದ ಗುಂಡಿಯನ್ನು ಹುಡುಕದೆ ಒತ್ತಿ, ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಇಬ್ರಾಹಿಂ ಮಂಚದ ಅಂಚಿನಲ್ಲಿ ಕುಳಿತು ಕಾದರು. ಹೆಂಡತಿ ಮುಖ ಒರೆಸಿಕೊಳ್ಳುತ್ತ ಹೊರಬಂದರು.

“ಈ ಮನೆಯವರು ಬಚ್ಚಲು ಚೆನ್ನಾಗಿ ಕಟ್ಟಿಸಿದ್ದಾರೆ,” ಎಂದರು.

“ಹೌದು ಮೈಮೂನ,” ಎಂದರು ಇಬ್ರಾಹಿಂ. “ಒಳ್ಳೆ ಜನ.”

ಆಮೇಲೆ ಇಬ್ಬರೂ ನಮಾಝಿಗೆ ನಿಂತರು.